ಇನ್ನೂರ ಹನ್ನೆರಡನೇ ಚಿತ್ರ

"ಏನ್ರೀ ಇದು? ಏನಿದು ಅಂತ ಕೇಳ್ತಿದೀನಿ!"

ಕಂಪ್ಯೂಟರ್ ಮೇಜಿನ ಮೇಲೆ ಎರಡು ಪ್ಯಾಕೆಟ್ಟುಗಳು ಬಂದು ಬಿದ್ದವು. ಒಂದು ಅಗರಬತ್ತಿಯದು, ಇನ್ನೊಂದು ಹಪ್ಪಳದ್ದು. ಎರಡರ ಮೇಲೂ ಅದೇ ಲಕ್ಷ್ಮಿ, ಅದೇ ತಾವರೆ, ಅದೇ ಮುಗುಳ್ನಗೆ!

ಮಹಾನಂದ ತಲೆಯೆತ್ತಿ ನೋಡಿದ. ನೋಡಿದವನು ಹಾಗೇ ನೋಡುತ್ತಾ ಕುಳಿತುಬಿಟ್ಟ.

ಎದುರಿಗೆ ನಿಂತಿದ್ದವಳು ಶಶಿರೇಖಾ. ಬಿ.ಕಾಂ. ಮುಗಿಸಿ ಅಪ್ಪನ ಅಗರಬತ್ತಿ ವ್ಯಾಪಾರಕ್ಕೆ ಕೈಜೋಡಿಸಿದ್ದ ಇಪ್ಪತ್ತನಾಲ್ಕರ ಹುಡುಗಿ. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಚಾಮರಾಜಪೇಟೆಯ ನಾಲ್ಕನೇ ಮುಖ್ಯರಸ್ತೆಯ ಕಡಿದಾದ ಮೆಟ್ಟಿಲು ಹತ್ತಿ, ಬಾಗಿಲೂ ತಟ್ಟದೆ ಮಹಾನಂದನ ಡಿ.ಟಿ.ಪಿ. ಸೆಂಟರಿಗೆ ನುಗ್ಗಿದ್ದಳು. ಅದು ೧೯೯೯ರ ಜನವರಿ.

"ಕೂತ್ಕೊಳಿ ಮೇಡಂ..."

"ಕೂತ್ಕೊಳಕ್ಕೆ ಬಂದಿಲ್ಲ! ನಮ್ಮ ಅಗರಬತ್ತಿ ಮೇಲಿರೋ ಲಕ್ಷ್ಮಿ ಹಪ್ಪಳದ ಮೇಲೆ ಹೇಗ್ರೀ ಬಂದ್ಳು?"

"ಅದು ಕ್ಲಿಪ್ ಆರ್ಟ್ ಮೇಡಂ. ಸಿ.ಡಿ.ಲಿ ಬರುತ್ತೆ. ಒಂದೊಂದ್ರಲ್ಲೂ ನೂರಾರು ಚಿತ್ರ ಇರುತ್ತೆ. ಆ ಸಿ.ಡಿ. ತಗೊಂಡೋರು ಯಾರು ಬೇಕಾದ್ರೂ ಹಾಕ್ಕೋಬಹುದು. ನಾನು ನಿಮಗೆ ಹಾಕ್ದೆ, ಇನ್ಯಾರೋ ಹಪ್ಪಳಕ್ಕೆ ಹಾಕಿದಾರೆ."

"ಹಂಗಾದ್ರೆ ನಾಳೆ ಪೊರಕೆ ಮೇಲೂ ಬರ್ತಾಳಾ?"

"ಬಂದ್ರೂ ಬರಬಹುದು..."

ಶಶಿರೇಖಾಳ ಕಣ್ಣಲ್ಲಿ ಇದ್ದಕ್ಕಿದ್ದಂತೆ ನೀರು ತುಂಬಿತು. ಅದು ಅವಳಿಗೇ ಇಷ್ಟವಾಗಲಿಲ್ಲ. ಕೋಪ ಮಾಡಿಕೊಳ್ಳಲು ಬಂದವಳು ಅಳಬಾರದಲ್ಲವೇ?

"ನಮ್ಮಪ್ಪ ಹದಿನೈದು ವರ್ಷ ತರಕಾರಿ ಮಾರಿ, ಆಮೇಲೆ ಇದನ್ನ ಶುರು ಮಾಡಿರೋದು ಕಣ್ರೀ. ಅವ್ರಿಗೆ ಒಂದೇ ಆಸೆ. ಅವರ ಅಗರಬತ್ತಿಗೆ ಅವರದೇ ಒಂದು ಗುರುತು ಇರ್ಬೇಕು. ಬೇರೆ ಎಲ್ಲೂ ಇರ್ಬಾರ್ದು. ಅದನ್ನ ರಿಜಿಸ್ಟರ್ ಮಾಡಿಸ್ಬೇಕು. ಇದು ಧರ್ಮರಾಜು ಗುರುತು ಅಂತ ನಾಲ್ಕು ಜನ ಹೇಳ್ಬೇಕು. ಅಷ್ಟೇ."

ಮಹಾನಂದ ಪ್ಯಾಕೆಟ್ಟುಗಳನ್ನು ಪಕ್ಕಕ್ಕೆ ಸರಿಸಿದ. ಅವಳನ್ನೇ ನೋಡುತ್ತಿದ್ದ.

"ಏನು ಹಂಗೆ ನೋಡ್ತೀರಾ? ಹುಡುಗೀರನ್ನ ನೋಡೇ ಇಲ್ವಾ?"

"ಕ್ಷಮಿಸಿ..." ಅವನ ಕಿವಿ ಕೆಂಪಾಯಿತು. "ನಾನೇ ಬಿಡಿಸ್ಕೊಡ್ತೀನಿ. ನನ್ನ ಕೈಯಾರೆ. ಬೇರೆ ಎಲ್ಲೂ ಇರಲ್ಲ."

"ಮಾತು ತಪ್ಪಲ್ಲ ತಾನೇ?"

"ಇಲ್ಲ."

ಮೂರು ದಿನದ ನಂತರ ಅವನು ಒಂದು ಹಾಳೆಯನ್ನು ಅವಳ ಮುಂದಿಟ್ಟ.

ಶಶಿರೇಖಾ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು!

ಒಬ್ಬ ಹುಡುಗಿ ಮನೆ ಮುಂದಿನ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಪಕ್ಕದಿಂದ ಕಾಣುವ ಮುಖ. ಬಲಗೈಯಲ್ಲಿ ಒಂದು ಅಗರಬತ್ತಿ ಕಡ್ಡಿ, ಇನ್ನೂ ಹಚ್ಚಿಲ್ಲ. ಎಡಗೈಯಲ್ಲಿ ಮುಂದಕ್ಕೆ ಬಿದ್ದ ಜಡೆಯನ್ನು ಹಿಡಿದುಕೊಂಡು, ಕಣ್ಣು ಮುಚ್ಚಿ, ಕಡ್ಡಿಯ ವಾಸನೆ ನೋಡುತ್ತಿದ್ದಾಳೆ. ನಾಲ್ಕಾರು ಗೆರೆಗಳಲ್ಲಿ ಮುಗಿದ ಚಿತ್ರ. ಆದರೆ ಆ ಮುಚ್ಚಿದ ಕಣ್ಣಿನಲ್ಲಿ ಎಂಥ ನೆಮ್ಮದಿ!

"ಯಾರಿವಳು?" ಎಂದಳು ಮೆಲ್ಲಗೆ.

"ಒಬ್ಬ ಹುಡುಗಿ."

"ಅದು ಕಾಣುತ್ತೆ. ಯಾರು ಅಂದೆ."

"ಹಂಗೇ... ಒಬ್ಬಳು."

ಯಾರೋ ಒಬ್ಬಳು ಇವನ ಮನಸ್ಸಿನಲ್ಲಿ ಇದ್ದಾಳೆ ಎಂದು ಶಶಿರೇಖಾಗೆ ಅನ್ನಿಸಿತು. ಎದೆಯಲ್ಲಿ ಸಣ್ಣಗೆ ಏನೋ ಚುಚ್ಚಿತು. ಅರೆ, ಇವನ ಮನಸ್ಸಿನಲ್ಲಿ ಯಾರಿದ್ದರೆ ನನಗೇನು ಎಂದು ತನ್ನನ್ನೇ ಗದರಿಕೊಂಡಳು. ಗದರಿದರೆ ಚುಚ್ಚುವುದು ನಿಲ್ಲುತ್ತದೆಯೇ?

ಅವಳಿಗೆ ಗೊತ್ತಾಗಲೇ ಇಲ್ಲ ನೋಡಿ. ಕನ್ನಡಿಯಲ್ಲಿ ನಾವು ನಮ್ಮನ್ನು ಎದುರಿನಿಂದ ನೋಡಿಕೊಳ್ಳುತ್ತೇವೆ. ಕಣ್ಣು ಮುಚ್ಚಿಕೊಂಡಾಗ ತಾನು ಹೇಗೆ ಕಾಣುತ್ತೇನೆಂದು ಯಾರಿಗೆ ತಾನೇ ಗೊತ್ತು?

ಅಪ್ಪನಿಗೆ ಮಾತ್ರ ನೋಡಿದ ಕೂಡಲೇ ಗೊತ್ತಾಗಿತ್ತು. ಹೊಸ ಗುಡ್ಡೆ ಬತ್ತಿ ಹೊಸೆದಾಗಲೆಲ್ಲ ವಾಸನೆ ನೋಡಲು ಮಗಳನ್ನೇ ಕೂಗುವವನು ಅವನು. ಧರ್ಮರಾಜು ಹಾಳೆಯನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದ. "ಚೆನ್ನಾಗೈತೆ" ಎಂದ. ಬೇರೇನೂ ಹೇಳಲಿಲ್ಲ. ತನ್ನ ಮನೆಯ ಡಬ್ಬಿಯ ಮೇಲೆ ತನ್ನ ಮಗಳು, ಇದಕ್ಕಿಂತ ಇನ್ನೇನು ಬೇಕು ಎಂದು ಒಳಗೊಳಗೇ ಹಿಗ್ಗಿದ.

ಆಮೇಲೆ ಶುರುವಾಯಿತು ಪ್ರೂಫ್ ನೋಡುವ ನಾಟಕ.

"ಶಶಿರೇಖಾ ಅವ್ರೇ, ಇನ್ನೊಂದ್ಸಲ ಪ್ರೂಫ್ ನೋಡ್ಬಿಡಿ. ವಿಳಾಸದಲ್ಲಿ ಪಿನ್ ಕೋಡ್ ಸರಿ ಇದ್ಯಾ ಅಂತ."

"ನಿನ್ನೇನೇ ನೋಡಿದ್ನಲ್ಲ?"

"ನಿನ್ನೆ ಬೇರೆ ಫಾಂಟ್ ಇತ್ತು."

ಒಂದು ಡಬ್ಬಿಯ ಮೇಲಿನ ಆರು ಸಾಲಿಗೆ ಅವಳು ಹನ್ನೊಂದು ಸಲ ಪ್ರೂಫ್ ನೋಡಿದಳು! ಹನ್ನೊಂದನೇ ಸಲ ಇಬ್ಬರೂ ಕೆಲಸ ಬಿಟ್ಟು ವಿಶ್ವೇಶ್ವರಪುರಂನ ತಿಂಡಿ ಬೀದಿಗೆ ನಡೆದುಕೊಂಡು ಹೋದರು. ಅವರೆಬೇಳೆ ದೋಸೆಯ ತಟ್ಟೆ ಹಿಡಿದು, ಜನರ ನಡುವೆ ಭುಜಕ್ಕೆ ಭುಜ ತಾಕಿಸಿಕೊಂಡು ನಿಂತಾಗ ಅವಳು ಕೇಳಿದಳು.

"ಆ ಹುಡುಗಿ ಯಾರು ಅಂತ ಹೇಳೋದೇ ಇಲ್ವಾ ನೀವು?"

"ಹೇಳ್ತೀನಿ. ಒಂದಿನ ಖಂಡಿತ ಹೇಳ್ತೀನಿ."

"ಅವಳಂದ್ರೆ ಇಷ್ಟಾನಾ?"

ಮಹಾನಂದ ದೋಸೆಯನ್ನೇ ನೋಡುತ್ತಾ ಹೇಳಿದ. "ಪ್ರಾಣ."

ಶಶಿರೇಖಾ ತಟ್ಟೆಯನ್ನು ಠಪ್ಪನೆ ಇಟ್ಟು ಹೊರಟಳು. ಅವನು ಓಡಿಬಂದು ಸಜ್ಜನ್ ರಾವ್ ಸರ್ಕಲ್ ಹತ್ತಿರ ಅವಳನ್ನು ಹಿಡಿದ.

"ನಿಲ್ಲಿ... ನಿಲ್ಲಿ ಮಾರಾಯ್ತಿ! ನಿಮ್ಮನ್ನ ಬಿಟ್ಟು ಬೇರೆ ಯಾರೂ ಇಲ್ಲ ನನಗೆ. ಆ ಹುಡುಗೀನೂ ನೀವೂ ಬೇರೆ ಅಲ್ಲ ಅಂದ್ಕೊಳಿ. ಸದ್ಯಕ್ಕೆ ಅಷ್ಟು ಸಾಕಾ?"

ಅವಳು ಅದನ್ನು ಪ್ರೇಮಿಗಳು ಆಡುವ ಮಾತು ಎಂದುಕೊಂಡಳು. ಸಾಕು ಎಂದು ತಲೆಯಾಡಿಸಿದಳು. ಅವತ್ತು ಮನೆವರೆಗೂ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಧರ್ಮರಾಜು ಚಿತ್ರದ ಗುರುತನ್ನು ರಿಜಿಸ್ಟರ್ ಮಾಡಿಸಲು ಅರ್ಜಿ ಹಾಕಿದ. ವರ್ಷಕ್ಕಾಗುವಷ್ಟು ಡಬ್ಬಿಗಳನ್ನು ಒಂದೇ ಸಲಕ್ಕೆ ಪ್ರಿಂಟ್ ಮಾಡಿಸಿ ಅಟ್ಟದ ತುಂಬಾ ಜೋಡಿಸಿದ. ಮಗಳ ಮನಸ್ಸೂ ಅವನಿಗೆ ಅರ್ಥವಾಗಿತ್ತು. ಹುಡುಗ ಒಳ್ಳೆಯವನು, ದೀಪಾವಳಿ ಕಳೆಯಲಿ, ಮಾತಾಡೋಣ ಎಂದಿದ್ದ.

ದೀಪಾವಳಿಗೆ ಮೊದಲು ನೋಟೀಸು ಬಂತು.

ಅದನ್ನು ಕಳಿಸಿದ್ದು ಮುಂಬಯಿಯ 'ರೂಪಲೇಖ ಇಮೇಜಸ್' ಎಂಬ ಕಂಪನಿ. ಕ್ಲಿಪ್ ಆರ್ಟ್ ಸಿ.ಡಿ. ಮಾಡಿ ಮಾರುವುದು ಅವರ ಕೆಲಸ. ಅವರ ಏಜೆಂಟ್ ಒಬ್ಬ ಬೆಂಗಳೂರಿನಲ್ಲಿ ಸಿ.ಡಿ. ಮಾರುತ್ತಾ ಓಡಾಡುವಾಗ ಧರ್ಮರಾಜುವಿನ ಡಬ್ಬಿ ಕಣ್ಣಿಗೆ ಬಿದ್ದಿತ್ತು. ನೋಟೀಸಿನ ಜೊತೆ ಒಂದು ಹಾಳೆ. ಆ ಹಾಳೆಯಲ್ಲಿ, ಅವರ ಸಿ.ಡಿ.ಯ ಇನ್ನೂರ ಹನ್ನೆರಡನೇ ಚಿತ್ರವಾಗಿ, ಕಣ್ಣು ಮುಚ್ಚಿ ಕಡ್ಡಿಯ ವಾಸನೆ ನೋಡುತ್ತಿರುವ ಅದೇ ಹುಡುಗಿ!

ಶಶಿರೇಖಾ ಇಂಗ್ಲಿಷಿನಲ್ಲಿದ್ದ ಆ ಪತ್ರವನ್ನು ಮೂರು ಸಲ ಓದಿದಳು. ಅರ್ಥ ಬದಲಾಗಲಿಲ್ಲ. ಮಧ್ಯಾಹ್ನ ಶಂಕರಪುರಂನಲ್ಲಿ ಟ್ರೇಡ್‌ಮಾರ್ಕ್ ವಕೀಲಿ ಮಾಡುತ್ತಿದ್ದ ರಂಗನಾಯಕಿ ಮೇಡಂ ಬಳಿ ಓಡಿದಳು.

"ಸಿ.ಡಿ. ಕೊಂಡ್ರೆ ಚಿತ್ರ ಕೊಂಡ ಹಾಗಲ್ಲ ಕಣಮ್ಮ" ಎಂದರು ರಂಗನಾಯಕಿ, ಕನ್ನಡಕ ತೆಗೆದಿಟ್ಟು. "ಬಳಸ್ಕೊಳೋಕೆ ಅನುಮತಿ ಕೊಂಡ ಹಾಗೆ, ಅಷ್ಟೇ. ಮದುವೆ ಕಾರ್ಡಿಗೆ ಹಾಕು, ಕರಪತ್ರಕ್ಕೆ ಹಾಕು, ಯಾರೂ ಕೇಳಲ್ಲ. ಆದ್ರೆ ಇದು ನನ್ನ ಗುರುತು, ಬೇರೆ ಯಾರೂ ಮುಟ್ಟಬೇಡಿ ಅಂತ ರಿಜಿಸ್ಟರ್ ಮಾಡಿಸೋಕೆ ಹೊರಟ್ರೆ ಮುಗೀತು. ಸಾವಿರ ಜನಕ್ಕೆ ಕೊಟ್ಟಿರೋದನ್ನ ನೀನೊಬ್ಬಳೇ ಹೇಗೆ ಕಟ್ಕೋತೀಯಾ? ಸಿ.ಡಿ. ಕವರಿನ ಹಿಂದೇನೇ ಬರೆದಿರುತ್ತೆ. ಯಾರೂ ಓದಲ್ಲ."

"ಆದ್ರೆ ಅದು ಅವರೇ ಬಿಡಿಸಿದ್ದು ಮೇಡಂ... ಕೈಯಾರೆ..."

"ಸಿ.ಡಿ. ಹೊರಗೆ ಬಂದಿದ್ದು ಹೋದ ವರ್ಷ. ನಿಮ್ಮ ಡಬ್ಬಿ ಈ ವರ್ಷದ್ದು." ರಂಗನಾಯಕಿ ಅವಳ ಕೈ ಮೇಲೆ ಕೈಯಿಟ್ಟರು. "ನಿಂಗೆ ಯಾರೋ ಸುಳ್ಳು ಹೇಳಿದಾರೆ ಕಣೆ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರೆ ಹಿರಿಯರು. ಎದೆ ಒಡೆದುಕೊಂಡವರಿಗೆ ಪ್ರಮಾಣಿಸುವ ತಾಳ್ಮೆ ಎಲ್ಲಿಂದ ಬರಬೇಕು? ಅವಳು ಶಂಕರಪುರಂನಿಂದ ಚಾಮರಾಜಪೇಟೆಗೆ ನಡೆದೇ ಬಂದಳು. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ. ದೇವರೇ, ಅವರು ಏನಾದ್ರೂ ಹೇಳ್ಲಿ. ಏನು ಹೇಳಿದ್ರೂ ನಂಬ್ತೀನಿ...

ಮಹಾನಂದ ಕಂಪ್ಯೂಟರ್ ಆರಿಸಿ ಸುಮ್ಮನೆ ಕುಳಿತಿದ್ದ. ಮುಖ ಬಿಳಿಚಿಕೊಂಡಿತ್ತು. ಅವಳು ಬರುವುದು ಅವನಿಗೆ ಮೊದಲೇ ಗೊತ್ತಿದ್ದಂತಿತ್ತು.

"ಒಂದೇ ಪ್ರಶ್ನೆ" ಎಂದಳು. "ಈ ಚಿತ್ರ ನೀವು ಬಿಡಿಸಿದ್ದಾ?"

ಅವನು ಆರಿದ ಪರದೆಯ ಕಡೆಗೆ ತಿರುಗಿದ.

"ಮಹಾನಂದ ಅವ್ರೇ, ನಿಮಗೆ ಕೈ ಮುಗೀತೀನಿ. ನೀವೇ ಬಿಡಿಸಿದ್ದು ಅಂತ ಒಂದು ಮಾತು ಹೇಳಿ. ಲೋಕ ಏನಾದ್ರೂ ಹೇಳ್ಲಿ, ನಾನು ನಂಬ್ತೀನಿ!"



"ಇಲ್ಲ" ಎಂದ. "ಸಿ.ಡಿ.ಇಂದ ತೆಗ್ದಿದ್ದು."

"...ಏನು?"

"ಸಿ.ಡಿ.ಇಂದ ತೆಗ್ದು ಹಾಕ್ದೆ. ನಾನು ಬಿಡಿಸಿದ್ದಲ್ಲ."

ಶಶಿರೇಖಾಗೆ ಕೂಗಾಡಬೇಕು ಎನ್ನಿಸಿತ್ತು. ಹನ್ನೊಂದು ಪ್ರೂಫ್, ಅವರೆಬೇಳೆ ದೋಸೆ, ಆ ಹುಡುಗೀನೂ ನೀವೂ ಬೇರೆ ಅಲ್ಲ ಎಂಬ ಮಾತು... ಎಲ್ಲವೂ ಹಾಗಾದರೆ ಎಲ್ಲಿಂದಲೋ ತೆಗೆದು ತನ್ನ ಮುಂದಿಟ್ಟಿದ್ದೇ? ಇದೇ ಮಾತನ್ನು ಇನ್ನೆಷ್ಟು ಜನಕ್ಕೆ ಹೇಳಿದ್ದಾನೋ!

"ನಮ್ಮಪ್ಪನ ಆಸೇನ ಮಣ್ಣು ಮಾಡಿದ್ರಲ್ರೀ..." ಎಂದಳು ಕೊನೆಗೆ. "ನನ್ನನ್ನೂ."

"ಕ್ಷಮಿಸಿ."

"ಸಾಯೋವರೆಗೂ ಇಲ್ಲ."

ಮೆಟ್ಟಿಲು ಇಳಿಯುವಾಗ ಅವಳಿಗೆ ಎರಡು ಸಲ ಕಾಲು ತಪ್ಪಿತು. ಯಾರೂ ಹಿಂದೆ ಓಡಿಬರಲಿಲ್ಲ.

ಒಂದು ತಿಂಗಳಾದ ಮೇಲೆ ಆಶ್ಚರ್ಯ ನಡೆಯಿತು. ಕೋರ್ಟಿಗೆ ಎಳೆಯುತ್ತೇವೆ, ಎಲ್ಲ ಡಬ್ಬಿ ಸುಡಿ ಎಂದಿದ್ದ ಕಂಪನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. ಅರ್ಜಿ ವಾಪಸ್ ತಗೊಳ್ಳಿ, ಇರುವ ಡಬ್ಬಿ ಮಾರಿ ಮುಗಿಸಿ, ಆಮೇಲೆ ಚಿತ್ರ ಬದಲಾಯಿಸಿ ಎಂದು ಬರೆದರು. ಪುಣ್ಯಾತ್ಮರು, ಪಾಪ ಅನ್ನಿಸಿರಬೇಕು ಎಂದುಕೊಂಡಳು ಶಶಿರೇಖಾ. ಅಪ್ಪ ಅರ್ಜಿ ವಾಪಸ್ ತಗೊಂಡ. ಹೊಸ ಡಬ್ಬಿಯ ಮೇಲೆ ಚಿತ್ರವೇ ಇರಲಿಲ್ಲ, 'ಶಶಿ' ಎಂಬ ಎರಡು ಅಕ್ಷರ ಮಾತ್ರ. ಅದನ್ನು ನೋಡಿದಾಗಲೆಲ್ಲ ಧರ್ಮರಾಜು ಮುಖ ತಿರುಗಿಸುತ್ತಿದ್ದ.

ನಾಲ್ಕನೇ ಮುಖ್ಯರಸ್ತೆಯ ಡಿ.ಟಿ.ಪಿ. ಸೆಂಟರಿಗೆ ಬೀಗ ಬಿತ್ತು. ಎಲ್ಲಿಗೆ ಹೋದನೋ ಯಾರಿಗೂ ಗೊತ್ತಿರಲಿಲ್ಲ. ಅವಳು ಕೇಳಲೂ ಇಲ್ಲ... ಸುಳ್ಳು ಯಾಕೆ ಹೇಳಲಿ, ಒಂದು ಸಲ ಕೇಳಿದಳು. ಕೆಳಗಿನ ಅಂಗಡಿಯವರು ಗೊತ್ತಿಲ್ಲಮ್ಮ ಎಂದರು.

ಕಾನೂನು ಗೊತ್ತಿಲ್ಲದೆ ಮೋಸ ಹೋದೆನಲ್ಲ ಎಂಬ ಹಟಕ್ಕೆ ಶಶಿರೇಖಾ ರಂಗನಾಯಕಿ ಮೇಡಂ ಆಫೀಸಿಗೇ ಕೆಲಸಕ್ಕೆ ಸೇರಿದಳು. ಸಿ.ಡಿ. ಕವರಿನ ಹಿಂದೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬರೆದಿರುವುದನ್ನೆಲ್ಲ ಓದಲು ಕಲಿತಳು. ಯಾವ ಚಿತ್ರ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು, ಯಾರ ಹೆಸರು ಬರೆಯಬೇಕು... ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದಳು. "ಕಂಪ್ಯೂಟರಲ್ಲಿ ಇತ್ತು ಮೇಡಂ, ಹಾಕ್ಬಿಟ್ಟೆ" ಎಂದು ಬರುವ ಡಿಸೈನರುಗಳನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಗಂಡುಗಳು ಬಂದವು. ಒಬ್ಬ ಟೀಚರು, ಒಬ್ಬ ಬ್ಯಾಂಕಿನವನು, ಸೋದರತ್ತೆ ಅಂಜನಮ್ಮ ತಂದ ಇನ್ನೂ ಇಬ್ಬರು.

"ಬೇಡ ಅತ್ತೆ."

"ಯಾಕೆ ಬೇಡ್ವೇ? ಏನ್ ಕಮ್ಮಿ ಆಗೈತೆ ಅವ್ನಿಗೆ?"

"ಅವರಿಗೇನೂ ಕಮ್ಮಿ ಇಲ್ಲ. ಅವ್ರು ಹೇಳೋದನ್ನ ನಂಬಕ್ಕಾಗಲ್ಲ ನನಗೆ. ಯಾರು ಹೇಳಿದ್ರೂ ನಂಬಕ್ಕಾಗಲ್ಲ."

ಹೀಗೆ ಐದು ವರ್ಷ! ಐದು ದೀಪಾವಳಿ, ಐದು ಯುಗಾದಿ. ಜಡೆ ಚಿಕ್ಕದಾಯಿತು, ಮಾತೂ ಚಿಕ್ಕದಾಯಿತು. ಕೋಪ ಮಾತ್ರ ಹಾಗೇ ಉಳಿಯಿತು. ಕೋಪ ಅಂದುಕೊಂಡಿದ್ದಳು, ನಿಜವಾಗಿ ಅದು ದುಃಖ.

೨೦೦೪ರ ಆಗಸ್ಟಿನಲ್ಲಿ ರೂಪಲೇಖ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿತು. ಹಳೆಯ ಕಾಗದಪತ್ರಗಳೆಲ್ಲ ಸರಿಯಾಗಿವೆಯೇ ನೋಡಿಕೊಡಿ ಎಂದು ಕೊಂಡವರು ಕರ್ನಾಟಕದ ಕಡತಗಳನ್ನು ರಂಗನಾಯಕಿ ಮೇಡಂಗೆ ಕಳಿಸಿದರು. ಹೆಸರು ನೋಡಿ ಶಶಿರೇಖಾಳ ಬಾಯಿ ಕಹಿಯಾಯಿತು. ಆದರೆ ಕೆಲಸ ಕೆಲಸವೇ.

ಮಧ್ಯಾಹ್ನ ಮೂರು ಗಂಟೆ. ಕಲಾವಿದರು ಚಿತ್ರಗಳನ್ನು ಮಾರಿದ ಪತ್ರಗಳ ಕಡತ. ಒಂದೊಂದೇ ಹಾಳೆ ತಿರುವುತ್ತಿದ್ದ ಕೈ ನಿಂತಿತು.

ಎಂ. ಮಹಾನಂದ, ಚಾಮರಾಜಪೇಟೆ.

ತಾರೀಖು ೧೯೯೫ರ ಮಾರ್ಚ್. ಇನ್ನೂರ ನಲವತ್ತು ಚಿತ್ರಗಳನ್ನು ಎಲ್ಲ ಹಕ್ಕುಗಳ ಸಮೇತ ಕಂಪನಿಗೆ ಮಾರಿದ್ದೇನೆ ಎಂಬ ಇಂಗ್ಲಿಷ್ ಪತ್ರ, ಕೆಳಗೆ ಅವನ ಸಹಿ. ಜೊತೆಗೆ ಚಿತ್ರಗಳ ಪಟ್ಟಿ, ಅವನದೇ ಕನ್ನಡ ಕೈಬರಹದಲ್ಲಿ. ಶಶಿರೇಖಾಳ ಬೆರಳು ಸಾಲುಗಳ ಮೇಲೆ ಇಳಿಯಿತು. ಇನ್ನೂರ ಹತ್ತು, ನವಿಲು. ಇನ್ನೂರ ಹನ್ನೊಂದು, ಕಳಶ. ಇನ್ನೂರ ಹನ್ನೆರಡು...

'ಅಗರಬತ್ತಿ ಧರ್ಮರಾಜು ಅವರ ಮಗಳು, ಮನೆ ಮೆಟ್ಟಿಲ ಮೇಲೆ.'

ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ನಾನು... ಆ ಹುಡುಗಿ ನಾನು!

ಅವನೇ ಬಿಡಿಸಿದ್ದ. ಕೈಯಾರೆ ಬಿಡಿಸಿದ್ದ. ಅವಳು ಅವನನ್ನು ನೋಡುವುದಕ್ಕೆ ನಾಲ್ಕು ವರ್ಷ ಮೊದಲೇ, ರಸ್ತೆಯ ಆಚೆ ಬದಿಯಲ್ಲೆಲ್ಲೋ ನಿಂತು ಬಿಡಿಸಿರಬೇಕು. ಹಾಗಾದರೆ 'ಸಿ.ಡಿ.ಇಂದ ತೆಗ್ದಿದ್ದು' ಎಂದನಲ್ಲ, ಅವನು ತನಗೆ ಹೇಳಿದ ಸುಳ್ಳು ಅದೊಂದೇ!

ಯಾಕೆ? ಯಾಕೆ ಹಾಗೆ ಹೇಳಿದ?

ಹಿಂದೆಯೇ ಇನ್ನೊಂದು ಪತ್ರವಿತ್ತು, ೧೯೯೯ರ ನವೆಂಬರಿನದು. ಧರ್ಮರಾಜು ಅವರ ಮೇಲೆ ಕಂಪನಿ ಯಾವ ಕ್ರಮವನ್ನೂ ಕೈಗೊಳ್ಳಬಾರದು. ಅದಕ್ಕೆ ಬದಲಾಗಿ ಎಂ. ಮಹಾನಂದ ಮೂರು ವರ್ಷಗಳಲ್ಲಿ ಆರುನೂರು ಹೊಸ ಚಿತ್ರಗಳನ್ನು, ಸಂಭಾವನೆಯಿಲ್ಲದೆ, ಎಲ್ಲೂ ತನ್ನ ಹೆಸರಿಲ್ಲದೆ ಕಂಪನಿಗೆ ಬಿಡಿಸಿಕೊಡಬೇಕು. ಅಲ್ಲಿಯವರೆಗೆ ಬೇರೆ ಯಾರಿಗೂ ಒಂದು ಗೆರೆಯನ್ನೂ ಬಿಡಿಸಬಾರದು.

ಕೆಳಗೆ ಅವನ ಸಹಿ. ಅದರ ಪಕ್ಕದಲ್ಲಿ ಸಾಕ್ಷಿಯ ಸಹಿ.

ಆ ಸಹಿಯನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಅಂಕಪಟ್ಟಿಗಳ ಮೇಲೆ, ಕಾಲೇಜಿನ ಅರ್ಜಿಗಳ ಮೇಲೆ. ಸೊಟ್ಟಗಿನ 'ಧ', ಜಾಗ ಸಾಲದೆ ಒತ್ತಿಕೊಂಡ 'ರಾಜು'.

ಸಾಕ್ಷಿ, ಅಪ್ಪ!

ಅವಳು ಮನೆಗೆ ಬಂದಾಗ ಧರ್ಮರಾಜು ಅಂಗಳದಲ್ಲಿ ಬತ್ತಿಗಳನ್ನು ಒಣಗಿಸುತ್ತಿದ್ದ. ಮಗಳ ಮುಖ ನೋಡಿದ ಕೂಡಲೇ ಅವನ ಕೈ ನಿಂತಿತು.

"ನಿಮಗೆ ಗೊತ್ತಿತ್ತು" ಎಂದಳು.

ಅವನು ಏನು ಎಂದು ಕೇಳಲಿಲ್ಲ. ಐದು ವರ್ಷದಿಂದ ಈ ಮಾತಿಗೆ ಕಾದಿದ್ದವನ ಹಾಗೆ ಮೆಟ್ಟಿಲ ಮೇಲೆ ಕುಸಿದು ಕುಳಿತ.

"ನೋಟೀಸು ಬಂದ ಬೆಳಗ್ಗೆ ಅವ್ನತ್ರ ಹೋಗಿದ್ದೆ ಕಣವ್ವ. ಎಲ್ಲಾ ಹೇಳ್ದ. ನಿನ್ನ ನೋಡಿದ್ದು, ಬಿಡ್ಸಿದ್ದು, ಬೇರೆ ಚಿತ್ರಗಳ ಜೊತೆ ಕಂಪ್ನಿಗೆ ಕೊಟ್ಟಿದ್ದು. ಇಂಗ್ಲಿಷ್ ಕಾಗ್ದ ಓದ್ದೆ ಸೈನ್ ಹಾಕೌನೆ. ನಾಲ್ಕು ವರ್ಷ ಆದ್ರೂ ಸಿ.ಡಿ. ಬಂದ ಸುದ್ದಿ ಇಲ್ಲ, ಬರಲ್ಲ ಅಂದ್ಕೊಂಡವ್ನೆ. ನನ್ನ ಕೈಲಿ ಬಿಡ್ಸಿದ್ದು ನಂದಲ್ದೆ ಇನ್ಯಾರ್ದು ಅಂತ ನಮ್ಮ ಡಬ್ಬಿಗೆ ಕೊಟ್ಟವ್ನೆ. ಮೋಸ ಇರ್ಲಿಲ್ಲ ಅವ್ನಲ್ಲಿ."

"ಮತ್ಯಾಕಪ್ಪಾ? ನನ್ನತ್ರ ಯಾಕೆ ಮುಚ್ಚಿಟ್ರಿ?"

ಧರ್ಮರಾಜು ತಲೆ ತಗ್ಗಿಸಿದ.

"ಅವತ್ತೇ ಬಿನ್ನಿಪೇಟೆ ಬ್ರಾಂದಿ ಅಂಗ್ಡಿ ಕ್ಯಾಲೆಂಡರ್ ಮೇಲೆ ನೋಡ್ದೆ. ನೀನೇ! ಕಣ್ಣು ಮುಚ್ಕೊಂಡು ಕೂತಿದ್ದೆ. ಕಡ್ಡಿ ತೆಗ್ದು ಬಾಟ್ಲು ಕೊಟ್ಟವ್ರೆ ಕೈಗೆ... ಆ ಸಿ.ಡಿ. ಇರೋರು ಎಲ್ಲೆಲ್ಲಿ ಹಾಕ್ತಾರೋ! ಮದ್ವೆ ಆಗೋ ಹುಡ್ಗಿ ಮುಖ ಬೀದಿ ಬೀದೀಲಿ ಐತೆ ಅಂತ ನಮ್ಮೋರಿಗೆ ಗೊತ್ತಾದ್ರೆ ಯಾರ್ ತಾನೇ ಮನೆ ತುಂಬಿಸ್ಕೊಳ್ತಾರೆ? ನಿಂಗೆ ಗೊತ್ತಾದ್ರೆ ನೀ ಸುಮ್ನಿರೋಳಾ? ಕೋರ್ಟು, ಜಗಳ, ಊರೆಲ್ಲಾ ಗುಲ್ಲು... ಅದ್ಕೇ ವಾಪಸ್ ಹೋಗಿ, ಕ್ಯಾಲೆಂಡರ್ ಅವ್ನಿಗೂ ತೋರ್ಸಿ, ಅವ್ನ ಕಾಲ್ ಹಿಡ್ಕೊಂಡೆ. ನನ್ ಮಗ್ಳಿಗೆ ಹೇಳ್ಬೇಡ. ನಿನ್ನೇ ಸುಳ್ಳ ಅಂದ್ಕೊಳ್ಲಿ. ಸಿಟ್ಟು ಮಾಡ್ಕೊಂಡು ಬೇರೆ ಕಡೆ ಮದ್ವೆ ಆಗ್ಲಿ ಅಂದೆ."

ಶಶಿರೇಖಾ ಅಪ್ಪನ ಪಕ್ಕದಲ್ಲಿ ಕುಳಿತಳು.

"ಮದ್ವೇನೇ ಆಗ್ಲಿಲ್ವಲ್ಲ ಕಣವ್ವ ನೀನು..." ಎಂದ ಧರ್ಮರಾಜು, ಬಿಕ್ಕಿ ಬಿಕ್ಕಿ ಅಳುತ್ತಾ.

ಅವಳಿಗೆ ಅಪ್ಪನನ್ನು ತಬ್ಬಿಕೊಳ್ಳಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡೂ ಮಾಡಿದಳು. ಆಮೇಲೆ ಕಣ್ಣೊರೆಸಿಕೊಂಡು ಕೇಳಿದಳು.

"ಎಲ್ಲಿದಾರೆ ಅವ್ರು? ನಿಮಗೆ ಗೊತ್ತಿರುತ್ತೆ. ಹೇಳಿ."

ಬಿನ್ನಿಪೇಟೆಯ ಒಂದು ಫ್ಲೆಕ್ಸ್ ಬ್ಯಾನರ್ ಅಂಗಡಿ. ಮರುದಿನ ಬೆಳಗ್ಗೆ ಹನ್ನೊಂದು ಗಂಟೆ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಒಬ್ಬ ಕುಳಿತು 'ಹಾರ್ದಿಕ ಶುಭಾಶಯಗಳು' ಎಂದು ಟೈಪ್ ಮಾಡುತ್ತಿದ್ದ. ಕಿವಿಯ ಹತ್ತಿರ ಕೂದಲು ನೆರೆತಿತ್ತು. ಮುಖದಲ್ಲಿ ದಣಿವಿತ್ತು.

ಬಾಗಿಲ ಬಳಿ ನೆರಳು ಕಂಡು ತಿರುಗಿದ.

"ಶಶಿ..."

ಅವಳು ಒಳಗೆ ಬಂದಳು. ಐದು ವರ್ಷದಲ್ಲಿ ಮನಸ್ಸಿನಲ್ಲೇ ಇವನಿಗೆ ಎಷ್ಟು ಬೈದಿದ್ದಳೋ! ಈಗ ಒಂದು ಮಾತೂ ನೆನಪಾಗಲಿಲ್ಲ.

"ಚಿತ್ರ ಬಿಡಿಸ್ತಾ ಇಲ್ವಾ?" ಎಂದಳು.

"ಇಲ್ಲ. ಆರುನೂರು ಮುಗಿದ ಮೇಲೆ ಯಾಕೋ ಕೈ ಬರ್ಲಿಲ್ಲ. ಈಗ ಅಕ್ಷರ ಅಷ್ಟೇ." ಅಂದವನು ಬೆಚ್ಚಿಬಿದ್ದು ನಿಲ್ಲಿಸಿದ. ಆರುನೂರರ ಮಾತು ಬಾಯಿ ತಪ್ಪಿ ಬಂದಿತ್ತು.

"ಗೊತ್ತು. ಎರಡೂ ಪತ್ರ ಓದ್ದೆ. ಅಪ್ಪಾನೂ ಹೇಳಿದ್ರು."

ಮಹಾನಂದ ಕೈಗಳನ್ನು ನೋಡಿಕೊಂಡ.

"ನಿಮ್ಮ ಮುಖಾನ ಮಾರ್ಬಿಟ್ಟೆ ನಾನು" ಎಂದ. "ಬೇಕಂತ ಅಲ್ಲ. ಇನ್ನೂರ ನಲವತ್ತರಲ್ಲಿ ಒಂದು ಕಮ್ಮಿ ಬಿದ್ದಿತ್ತು, ನೋಟ್‌ಬುಕ್ಕಿಂದ ಹರಿದು ಸೇರಿಸ್ಬಿಟ್ಟೆ. ಆಮೇಲೆ ನೀವು ಬಂದು, ಬೇರೆ ಎಲ್ಲೂ ಇರಬಾರ್ದು ಅಂದ್ರಿ. ಅದೇ ಚಿತ್ರಾನ ನೆನಪಿಂದ ಮತ್ತೆ ಬಿಡಿಸ್ದೆ. ನಿಮ್ಮದನ್ನ ನಿಮಗೇ ಕೊಡ್ತಿದೀನಿ ಅಂತ ಎಷ್ಟು ಖುಷಿ ಪಟ್ಟಿದ್ದೆ ಗೊತ್ತಾ? ಆ ಕ್ಯಾಲೆಂಡರ್ ನೋಡಿದ ಮೇಲೆ... ನಿಮ್ಮಪ್ಪ ಕಾಲು ಹಿಡೀದೆ ಇದ್ದಿದ್ರೂ ನಾನು ನಿಮ್ಮ ಮುಂದೆ ನಿಲ್ಲೋಕಾಗ್ತಿರ್ಲಿಲ್ಲ."

"ಹೌದಾ?"

"ಹೂಂ."

"ಇಬ್ಬರೂ ಸೇರಿ ತ್ಯಾಗ ಮಾಡಿದ್ರಿ. ನೀವು ಹೆಸರು ಬಿಟ್ಟು ಬಿಡಿಸಿದ್ರಿ, ಅಪ್ಪ ಬಾಯಿ ಮುಚ್ಕೊಂಡು ಸಾಕ್ಷಿ ಹಾಕಿದ್ರು. ಬಹಳ ದೊಡ್ಡ ಮನಸ್ಸು ನಿಮ್ಮದು!" ಅವಳ ಕಣ್ಣಿಂದ ನೀರು ಇಳಿಯತೊಡಗಿತು, ಒರೆಸಿಕೊಳ್ಳಲಿಲ್ಲ. "ನನ್ನ ಕೇಳಿದ್ರಾ?"

ಅವನು ತಲೆಯೆತ್ತಿದ.

"ಬಿಡಿಸುವಾಗ ಕೇಳ್ಲಿಲ್ಲ. ಮಾರುವಾಗ ಕೇಳ್ಲಿಲ್ಲ. ಬಿಟ್ಟು ಹೋಗುವಾಗಲೂ ಕೇಳ್ಲಿಲ್ಲ! ಒಂದು ಜುಜುಬಿ ಚಿತ್ರ ಹಾಕೋಕೆ ಹತ್ತು ಕಡೆ ಅನುಮತಿ ಕೇಳ್ಬೇಕು ಅಂತ ಐದು ವರ್ಷದಿಂದ ಊರಿಗೆಲ್ಲಾ ಹೇಳ್ತಾ ಕೂತಿದೀನಿ ನಾನು. ನನ್ನ ಬದುಕಿನ ವಿಷಯಕ್ಕೆ ನನ್ನೊಬ್ಬಳನ್ನ ಕೇಳೋರು ಗತಿ ಇರ್ಲಿಲ್ವಾ? ಬೀದೀಲಿ ಮುಖ ಇದ್ರೆ ಇರ್ಲಿ ಅಂತಿದ್ದೆ! ಆ ಕ್ಯಾಲೆಂಡರ್ ಹರಿದು ಬಿಸಾಕಿ ಬಂದು ನಿಮ್ಮ ಪಕ್ಕ ನಿಲ್ತಿದ್ದೆ! ಒಂದು ಮಾತು... ಒಂದೇ ಒಂದು ಮಾತು ಕೇಳಿದ್ರೆ..."

ಬಾಯಿಗೆ ಸೆರಗು ಒತ್ತಿಕೊಂಡು ನಿಂತಳು.

ಮಹಾನಂದ ಎದ್ದು ಬಂದ. ಅವಳಿಂದ ಒಂದು ಅಡಿ ದೂರದಲ್ಲಿ ನಿಂತ. ಅವನ ಕಣ್ಣಿಂದಲೂ ಧಾರೆಯಾಗಿ ಹರಿಯುತ್ತಿತ್ತು.

"ತಪ್ಪಾಯ್ತು" ಎಂದ. "ತುಂಬಾ ದೊಡ್ಡ ತಪ್ಪಾಯ್ತು, ಶಶಿ."

"ಸಾಯೋವರೆಗೂ ಕ್ಷಮಿಸಲ್ಲ ಅಂದಿದ್ದೆ."

"ಕ್ಷಮಿಸ್ಬೇಡಿ."

"ಮದುವೆ ಆಗಿದ್ಯಾ ನಿಮಗೆ?"

"ಇಲ್ಲ."

"ಯಾಕೆ?"

"ಅದನ್ನೂ ಹೇಳ್ಬೇಕಾ?"

ಹೊರಗೆ ಅಂಗಡಿಯವರು "ಮಹಾನಂದ, ಆ ಶುಭಾಶಯ ಆಯ್ತಾ?" ಎಂದು ಕೂಗಿದರು. ಇಬ್ಬರೂ ಕದಲಲಿಲ್ಲ.

"ನಾಳೆ ನಿಮ್ಮನೆಗೆ ಬಂದು ನಿಮ್ಮಪ್ಪನ್ನ ಕೇಳ್ಲಾ?" ಎಂದ ಅವನು ಅಂಜುತ್ತಾ.

"ಮತ್ತೆ ಅಪ್ಪನ್ನ!" ಅವಳ ಹಳೆಯ ಕೋಪ ಮೂಗಿನ ತುದಿಗೆ ಬಂತು. "ಇಷ್ಟೊತ್ತು ಏನು ಹೇಳ್ದೆ ನಾನು?"

ಅವನು ದಿಗಿಲುಬಿದ್ದು ನೋಡಿದ. ನಿಧಾನವಾಗಿ ಅರ್ಥವಾಯಿತು.

"ಶಶಿರೇಖಾ..." ಎಂದ, ಪ್ರತಿ ಮಾತನ್ನೂ ಎಚ್ಚರದಿಂದ ಎತ್ತಿಡುತ್ತಾ. "ನನ್ನನ್ನ ಮದುವೆ ಆಗ್ತೀರಾ? ಇಲ್ಲ ಅಂದ್ರೂ ಸರಿ. ನಿಮ್ಮ ಇಷ್ಟ."

ಕಳೆದುಹೋದ ಐದು ವರ್ಷಗಳೂ ಒಟ್ಟಿಗೆ ಅವಳ ಕಣ್ಣ ಮುಂದೆ ಬಂದು ನಿಂತವು. ಅವು ಇನ್ನು ವಾಪಸ್ ಬರುವುದಿಲ್ಲ. ಅದಕ್ಕೂ ಸೇರಿಸಿ ಅತ್ತಳು.

"ಇನ್ನೊಂದ್ಸಲ ಕೇಳಿ" ಎಂದಳು.

"ನನ್ನನ್ನ ಮದುವೆ ಆಗ್ತೀರಾ?"

"ಹೂಂ." ಅವನ ಅಂಗಿಯ ತೋಳು ಹಿಡಿದು, ಅದಕ್ಕೇ ಕಣ್ಣೊರೆಸಿಕೊಂಡಳು. "ಆದ್ರೆ ಕೋಪ ಹೋಗಿಲ್ಲ ನಂಗೆ."

"ಇರ್ಲಿ."

"ತುಂಬಾ ದಿನ ಇರುತ್ತೆ."

"ಎಷ್ಟು ದಿನ ಬೇಕಾದ್ರೂ ಇರ್ಲಿ, ಶಶಿ. ನೀವು ಹತ್ರ ಇದ್ದು ಕೋಪ ಮಾಡ್ಕೊಳಿ."